ಉಳಿದ ಇಪ್ಪತ್ತು ಟನ್ನು

ನಾಲ್ವರ ತಂಡಕ್ಕೆ ಒಟ್ಟು ಇನ್ನೂರ ನಲವತ್ತು ಟನ್,
ಅದರ ಮೇಲೆ ಗುಲಗಂಜಿಯಷ್ಟೂ ಏರುವಂತಿಲ್ಲ.
ದಾದಾಪೀರ ಬಂದವನೇ ನೂರರದ್ದನ್ನು ಹಿಡಿಯುತ್ತಾನೆ,
ಶಾಹೀನಾ ಎಪ್ಪತ್ತು, ವಕೀಲ ಹಾಲಸಿದ್ದಪ್ಪನವರು ಐವತ್ತು.
ತಳದಲ್ಲಿ ಉಳಿದ ಇಪ್ಪತ್ತು ನನ್ನದು,
ಎಲ್ಲರ ಊಟವಾದ ಮೇಲೆ ಪಾತ್ರೆ ಕೆರೆದು ಬಡಿಸಿಕೊಂಡ ಹಾಗೆ.

ಬೇಜಾರಿಲ್ಲ. ಇಪ್ಪತ್ತು ಟನ್ನಿನ ಯಂತ್ರ ಓಡುತ್ತದೆ,
ಗುಂಡಿಗಿಂತ ಮುಂಚೆ, ಸುದ್ದಿಗಿಂತ ಮುಂಚೆ.
ಶತ್ರು ಎಲ್ಲಿದ್ದಾನೆಂದು ನೋಡಿ ಕೂಗುವುದಷ್ಟೇ ನನ್ನ ಕೆಲಸ;
ಒಂದೇಟು ಬಿದ್ದರೆ ಮಂಡಕ್ಕಿ.

ವಕೀಲರು ಗುಡ್ಡದ ಹಿಂದೆ ನಿಂತು ಕ್ಷಿಪಣಿ ಬಿಡುತ್ತಾರೆ.
ಅವರನ್ನು ಯಾರೂ ಕಂಡಿಲ್ಲ. ಹರಿಹರದ ಕೋರ್ಟಿನಲ್ಲೂ ಹೀಗೇ ಅಂತೆ:
ಅವರು ಬರುವುದಿಲ್ಲ, ಅರ್ಜಿ ಬರುತ್ತದೆ.

ಶಾಹೀನಾಳದು ಬೇರೆ. ಅವಳ ಹೆವಿಗೆ ಆರು ಲೇಸರ್,
ಆರನ್ನೂ ಒಟ್ಟಿಗೆ ಹಾರಿಸಿದರೆ ಒಡಲು ಕಾದು
ಯಂತ್ರ ತಾನೇ ಮಲಗಿಬಿಡುತ್ತದೆ ರಣದ ನಡುವೆ
ಹತ್ತು ಸೆಕೆಂಡು, ಬಾ ಕೊಲ್ಲು ಎನ್ನುವ ಹಾಗೆ.
ಅವಳದು ಮಲಗಿದ್ದನ್ನು ಮಾತ್ರ ನಾನು ಕಂಡಿಲ್ಲ.
ಮೀಟರ್ ಕಡೆ ನೋಡುವುದೂ ಇಲ್ಲ.
ಬಾಷಾನಗರದ ಭಟ್ಟಿಯಲ್ಲಿ ಬೆಳಗಿನ ನಾಲ್ಕಕ್ಕೆ
ಒಲೆಗೆ ಹೊಟ್ಟು ಎರಚುವ ಕೈ ಅದು;
ಮರಳು ಎಷ್ಟು ಕಾದರೆ ಅಕ್ಕಿ ಅರಳುತ್ತದೆ,
ಇನ್ನೆಷ್ಟು ಕಾದರೆ ಕರಕು,
ಆ ಸಂದಿನಲ್ಲೇ ಅವಳ ಮನೆ ನಡೆಯುತ್ತದೆ.
"ಸಾಕು" ಎಂದು ತನಗೆ ತಾನೇ ಹೇಳಿಕೊಳ್ಳುವುದು
ನಮ್ಮ ಕಿವಿಗೂ ಬೀಳುತ್ತದೆ, ಉಸಿರಿನಷ್ಟು ಮೆಲ್ಲಗೆ.

ದಾದಾಪೀರನ ಎಡಗಾಲು ನಾನು ಮಾಡಿದ್ದು.
ಹದಡಿ ರಸ್ತೆಯ ಅಂಗಡಿಯಲ್ಲಿ ಅಚ್ಚು ತೆಗೆಯುವಾಗ
ಮಂಡಿಯ ಕೆಳಗೆ ಗೇಣುದ್ದ ಉಳಿದಿತ್ತು.
ಮಂಡಿಪೇಟೆಯಲ್ಲಿ ಕ್ವಿಂಟಾಲ್ ಮೂಟೆ ಹೊರುತ್ತಿದ್ದವನು.

ಆಟದಲ್ಲಿ ಯಂತ್ರದ ಕಾಲು ಹೋದರೆ ಜನ
ಕುರ್ಚಿ ಸಮೇತ ಹೊರಗೆ ಹಾರುತ್ತಾರೆ, ಬಯ್ದುಕೊಂಡು, ಮುಂದಿನ ಪಂದ್ಯಕ್ಕೆ.
ಇವನು ಉಳಿಯುತ್ತಾನೆ.
ತೆರೆಯ ಮೂಲೆಯಲ್ಲಿ ಎಡಗಾಲು ಹಳದಿ, ಕೆಂಪು, ಆಮೇಲೆ ಕಪ್ಪು;
"ನಡೀರಿ, ನಾ ಹಿಂದೆ ಬರ್ತೀನಿ" ಅನ್ನುತ್ತಾನೆ,
ಮುರಿದ ಮಗ್ಗುಲನ್ನು ಗೋಡೆಗೆ ಕೊಟ್ಟು ತಿರುಗಿ ನಿಲ್ಲುತ್ತಾನೆ.
ಬಂದೇ ಬರುತ್ತಾನೆ ಅಂತಲ್ಲ. ಎಷ್ಟೋ ಸಲ ಬರುವುದಿಲ್ಲ.

ಮೊನ್ನೆ ನಾನೇ ಕೆಣಕಿದೆ: ಇವತ್ತು ಅದಲುಬದಲು,
ನೂರು ನನಗೆ ಬಿಡು, ಇಪ್ಪತ್ತು ನೀನು ತಗೋ,
ಒಂದ್ಸಲ ಓಡಿ ನೋಡು.
ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಓಡಿದ. ಕಂಬಕ್ಕೆ ಗುದ್ದಿ, ಬಂಡೆಗೆ ಗುದ್ದಿ,
ನಿಮಿಷದೊಳಗೆ ಸತ್ತ.
"ಥೂ, ಇದರಾಗೆ ತೂಕಾನೇ ಇಲ್ಲ ಅಕ್ಕಾ,
ಕಾಲು ನೆಲಕ್ಕೆ ತಾಗ್ತೋ ಇಲ್ವೋ ಗೊತ್ತೇ ಆಗಲ್ಲ."

ಅಷ್ಟು ಹೊತ್ತಿಗೆ ನಾನು ನೂರು ಟನ್ನಿನೊಳಗೆ
ಮೊದಲ ಹೆಜ್ಜೆ ಎತ್ತಿದ್ದೆ.
ಢಂ. ಎಷ್ಟೋ ತಡೆದು ಇನ್ನೊಂದು ಢಂ.
ಇಟ್ಟ ಪಾದ ಇಟ್ಟಲ್ಲೇ ಇದೆಯೆಂದು
ಹಲ್ಲಿನವರೆಗೂ ತಿಳಿಯುತ್ತಿತ್ತು.

ಎರಡು ವರ್ಷದಿಂದ ಅವನ ಕಾಲಿನ ತೂಕ ಇಳಿಸುತ್ತಲೇ ಬಂದಿದ್ದೆ.
ಕಾರ್ಬನ್ನು, ಟೊಳ್ಳು ಪೈಪು, ಉಜ್ಜಿ ಉಜ್ಜಿ ತೆಳುವಾದ ಪಾದ;
ಹಗುರಾದಷ್ಟೂ ಒಳ್ಳೆಯದೆಂದು ಕ್ಯಾಟಲಾಗು ಹೇಳುತ್ತಿತ್ತು.
"ಚೆನ್ನಾಗೈತೆ" ಅನ್ನುತ್ತಿದ್ದ ಅವನೂ,
ನೆಲ ನೋಡಿಕೊಂಡು ನಡೆಯುತ್ತಿದ್ದ.

ಬೆಳಿಗ್ಗೆ ಬರಹೇಳಿದೆ. ಯಾಕೆಂದು ಕೇಳಲಿಲ್ಲ.
ಭದ್ರಾ ನಾಲೆಯಲ್ಲಿ ಬಲೆ ಬೀಸುವವರು ಅಂಚಿಗೆ ಕಟ್ಟುವ
ಸೀಸದ ಗುಂಡು, ಇನ್ನೂರು ಗ್ರಾಂ,
ಕಣಕಾಲಿನ ಪೈಪಿನೊಳಗೆ ಕೂರಿಸಿ ತಿರುಪು ಬಿಗಿದೆ.
ಬಾಗಿಲತನಕ ಹೋದ. ಹೊರಗೆ ಒಂದು ಲಾರಿ ಹಾಯುವವರೆಗೆ ನಿಂತ.
ತಿರುಗಿ, ನನ್ನ ಮುಖವನ್ನೇ ನೋಡುತ್ತ ನಡೆದು ಬಂದ.

"ಇನ್ನೊಂಚೂರು ಹಾಕ್ರಿ" ಅಂದ.